ಕೆಲಸದ ಸಂದರ್ಶನ: ಜನ ಹೇಳುವುದೇನು, ಸತ್ಯವೇನು

ಓದು ಮುಗಿಸಿ ಕೆಲಸ ಹುಡುಕುವವರಿಗೆ ನಮ್ಮಲ್ಲಿ ಸಲಹೆಗೆ ಬರವಿಲ್ಲ. ಪಿ.ಜಿ.ಯಲ್ಲಿ ಜೊತೆಗಿರುವವನು ಒಂದು ಹೇಳುತ್ತಾನೆ, ಹಬ್ಬಕ್ಕೆ ಊರಿಗೆ ಬಂದ ಭಾವ ಇನ್ನೊಂದು ಹೇಳುತ್ತಾನೆ, ಫೋನಿನಲ್ಲಿ ಓಡುವ ರೀಲ್‌ಗಳು ದಿನಕ್ಕೊಂದು ಹೊಸ ಸೂತ್ರ ಒಪ್ಪಿಸುತ್ತವೆ. ಕಲಬುರಗಿಯಿಂದಲೋ ಶಿರಸಿಯಿಂದಲೋ ರಾತ್ರಿ ಬಸ್ಸು ಹತ್ತಿ, ನಸುಕಿನಲ್ಲಿ ಮೆಜೆಸ್ಟಿಕ್‌ಗೆ ಬಂದಿಳಿದು, ಮುಖ ತೊಳೆದು ಇಸ್ತ್ರಿ ಅಂಗಿ ತೊಟ್ಟು ಸಂದರ್ಶನಕ್ಕೆ ಹೊರಟ ಅಭ್ಯರ್ಥಿಯ ತಲೆಯಲ್ಲಿ ಈ ಮಾತುಗಳೆಲ್ಲ ಒಟ್ಟಿಗೆ ಗಿಜಿಗುಡುತ್ತಿರುತ್ತವೆ. ಅವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಎರಡರಿಂದಲೂ ಆಗುವ ನಷ್ಟ ಒಂದೇ: ತಯಾರಿಗೆಂದು ಸಿಗುವ ನಾಲ್ಕಾರು ದಿನ ಬೇಡದ ಕಡೆ ಖರ್ಚಾಗಿಬಿಡುತ್ತವೆ.

ಮೇಜಿನ ಆಚೆ ಕುಳಿತವರಿಗೆ ತಿಳಿಯಬೇಕಾದದ್ದು ಬಹಳ ಸರಳ. ಈ ಕೆಲಸವನ್ನು ಈ ವ್ಯಕ್ತಿ ಮಾಡಬಲ್ಲರೇ? ಮಾಡಬಲ್ಲರು ಎನ್ನಲು ಆಧಾರವೇನು? ಆ ಆಧಾರವನ್ನು ನಮ್ಮದೇ ಬದುಕಿನಿಂದ ಹೆಕ್ಕಿ, ಜೋಡಿಸಿ, ಸ್ಪಷ್ಟವಾಗಿ ಹೇಳಲು ಕಲಿಯುವುದೇ ತಯಾರಿ. ಇದಕ್ಕೆ ಅಡ್ಡ ಬರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಇಂಗ್ಲಿಷ್ ನೀರು ಕುಡಿದಷ್ಟು ಸಲೀಸಾಗಿ ಬಂದರೆ ಮಾತ್ರ ಕೆಲಸ

ಸತ್ಯ: ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಅತಿ ಹೆಚ್ಚು ಕಾಡುವ ಭಯ ಇದು. ಇಂಗ್ಲಿಷ್ ಬೇಡವೇ ಬೇಡ ಎಂದರೆ ಅದು ಸುಳ್ಳು ಸಮಾಧಾನವಾದೀತು. ಹೊರದೇಶದ ಗ್ರಾಹಕರ ಜೊತೆ ದಿನವಿಡೀ ಫೋನಿನಲ್ಲಿ ಮಾತನಾಡುವ ಕೆಲಸಕ್ಕೆ ನಿರರ್ಗಳ ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕಪತ್ರ ವಿಭಾಗ, ಪೀಣ್ಯದ ಯಂತ್ರ ಕಾರ್ಖಾನೆ, ಆಸ್ಪತ್ರೆಯ ಪ್ರಯೋಗಾಲಯ, ಸಾಫ್ಟ್‌ವೇರ್ ಟೆಸ್ಟಿಂಗ್ ಇಂಥ ಕಡೆಗಳಲ್ಲಿ ವಿಷಯ ಎದುರಿನವರಿಗೆ ಮುಟ್ಟುವಷ್ಟು ಇಂಗ್ಲಿಷ್ ಇದ್ದರೆ ಸಾಕಾಗುತ್ತದೆ. ಚಿಕ್ಕ ವಾಕ್ಯ, ಸರಿಯಾದ ತಾಂತ್ರಿಕ ಪದ, ಅವಸರವಿಲ್ಲದ ಮಾತು, ಇವು ಮೂರಿದ್ದರೆ ಉಚ್ಚಾರಣೆಯಲ್ಲಿ ಹಾಸನವೋ ಬೀದರವೋ ಇಣುಕಿದರೆ ಯಾರೂ ಅಂಕ ಕಳೆಯುವುದಿಲ್ಲ.

ದೇಶದಲ್ಲೇ ಅತ್ಯಂತ ಕಠಿಣವೆನಿಸಿದ ಸಂದರ್ಶನಗಳಲ್ಲೊಂದನ್ನು ನೋಡಿ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲೇ ಎದುರಿಸಬಹುದು. ಮಂಡಳಿಗೆ ಅನುವಾದಕರ ನೆರವು ಇರುತ್ತದೆ. ಇನ್ನು ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ ಕರ್ನಾಟಕದ ಗುಮಾಸ್ತ ದರ್ಜೆಯ ಹುದ್ದೆ ಬೇಕೆಂದರೆ ಕನ್ನಡ ಗೊತ್ತಿರಬೇಕು ಎಂಬುದೇ ನಿಯಮ. ಅಲ್ಲಿ ಕನ್ನಡ ಕೊರತೆಯಲ್ಲ, ಅರ್ಹತೆ.

ಆದ್ದರಿಂದ ಇಡೀ ಇಂಗ್ಲಿಷ್ ಭಾಷೆಯನ್ನು ಹದಿನೈದು ದಿನದಲ್ಲಿ ಕಲಿತುಬಿಡುವ ಆಸೆ ಬೇಡ. ನಿಮ್ಮ ಓದು, ನಿಮ್ಮ ಪ್ರಾಜೆಕ್ಟ್, ನೀವು ಬಳಸಿದ ಸಲಕರಣೆ, ನೀವು ಬಿಡಿಸಿದ ಒಂದು ಸಮಸ್ಯೆ, ಇಷ್ಟನ್ನು ಸರಳ ಇಂಗ್ಲಿಷಿನಲ್ಲಿ ನಾಲ್ಕೈದು ನಿಮಿಷ ಹೇಳುವಷ್ಟು ಅಭ್ಯಾಸ ಮಾಡಿ. ಮನಸ್ಸಿನಲ್ಲಿ ಹೇಳಿಕೊಂಡರೆ ಆಗದು, ಬಾಯಿ ಬಿಟ್ಟೇ ಹೇಳಬೇಕು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳುವುದು ಅವಮಾನವೇನಲ್ಲ. ಅರ್ಥವಾಗದ ಪ್ರಶ್ನೆಗೆ ಅಂದಾಜಿನ ಉತ್ತರ ಕೊಡುವುದೇ ನಿಜವಾದ ತೊಂದರೆ.

ತಪ್ಪು ಕಲ್ಪನೆ 2: ಬಾಗಿಲು ದಾಟಿದ ಕೆಲವೇ ಸೆಕೆಂಡುಗಳಲ್ಲಿ ಎಲ್ಲ ತೀರ್ಮಾನವಾಗಿಬಿಡುತ್ತದೆ

ಸತ್ಯ: ಏಳು ಸೆಕೆಂಡು ಎನ್ನುವವರಿದ್ದಾರೆ, ಮೂವತ್ತು ಸೆಕೆಂಡು ಎನ್ನುವವರೂ ಇದ್ದಾರೆ. ಸಂದರ್ಶಕರು ನಿಜವಾಗಿ ಯಾವಾಗ ತೀರ್ಮಾನಕ್ಕೆ ಬರುತ್ತಾರೆ ಎಂಬುದನ್ನೇ ಅಳೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅಮೆರಿಕದ ಸಂಶೋಧಕರು 600ಕ್ಕೂ ಹೆಚ್ಚು ಸಂದರ್ಶನಗಳನ್ನು ಪರಿಶೀಲಿಸಿದಾಗ, ಮೊದಲ ನಿಮಿಷದಲ್ಲೇ ತೀರ್ಮಾನ ಮುಗಿದ ಪ್ರಕರಣಗಳು ಶೇ. 5ರಷ್ಟು ಮಾತ್ರ ಇದ್ದವು. ಬಹುಪಾಲು ತೀರ್ಮಾನಗಳು ಐದು ನಿಮಿಷ ಕಳೆದ ಮೇಲೆಯೇ ಆಗಿದ್ದವು.

ಮೊದಲ ನೋಟಕ್ಕೆ ಬೆಲೆಯೇ ಇಲ್ಲವೆಂದಲ್ಲ. ಹೊತ್ತಿಗೆ ಸರಿಯಾಗಿ ಬರುವುದು, ಶುಭ್ರವಾದ ಬಟ್ಟೆ, ಒಂದು ನಮಸ್ಕಾರ, ಇವು ಮಾತುಕತೆಗೆ ಒಳ್ಳೆಯ ಆರಂಭ ಕೊಡುತ್ತವೆ. ಆದರೆ ಕುರ್ಚಿ ಎಳೆಯುವಾಗ ಸದ್ದಾಯಿತು, ಮೊದಲ ವಾಕ್ಯದಲ್ಲಿ ತೊದಲಿದೆ ಎಂದು ಅಲ್ಲಿಗೇ ಕೈಚೆಲ್ಲುವುದು ಸರಿಯಲ್ಲ. ಹೊಸ ಬೂಟಿಗೆ ಸಾಲ ಮಾಡುವ ಅಗತ್ಯವೂ ಇಲ್ಲ. ಇರುವ ಜೋಡನ್ನು ಒರೆಸಿ ಹೊರಡಿ.

ತಪ್ಪು ಕಲ್ಪನೆ 3: ಶೇ. 93ರಷ್ಟು ಪರಿಣಾಮ ಹಾವಭಾವದ್ದು, ಮಾತಿನದು ಬರೀ ಶೇ. 7

ಸತ್ಯ: ವ್ಯಕ್ತಿತ್ವ ವಿಕಸನದ ತರಗತಿಗಳಲ್ಲಿ ಗೋಡೆಗೆ ಹಚ್ಚಿ ಹೇಳಿಕೊಡುವ ಲೆಕ್ಕ ಇದು. ಇದರ ಮೂಲ ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಹೋದ್ಯೋಗಿಗಳೊಡನೆ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳು. ಅಲ್ಲಿ ಸಂದರ್ಶನವೂ ಇರಲಿಲ್ಲ, ಭಾಷಣವೂ ಇರಲಿಲ್ಲ. ಬಿಡಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಚಿತ್ರ ತೋರಿಸಿ, ಮಾತನಾಡಿದವರಿಗೆ ಎದುರಿನವರ ಮೇಲೆ ಇಷ್ಟವಿದೆಯೋ ಇಲ್ಲವೋ ಊಹಿಸಿ ಎಂದು ಕೇಳಲಾಗಿತ್ತು. ಭಾವನೆ ಮತ್ತು ಒಲವಿನ ಅಭಿವ್ಯಕ್ತಿಗೆ ಮಾತ್ರ ಈ ಲೆಕ್ಕ ಅನ್ವಯಿಸುತ್ತದೆ, ಎಲ್ಲ ಮಾತುಕತೆಗೂ ಅಲ್ಲ ಎಂದು ಸ್ವತಃ ಮೆಹ್ರಾಬಿಯನ್ ಸ್ಪಷ್ಟಪಡಿಸಿದ್ದಾರೆ.

ಸಂದರ್ಶನಕ್ಕೆ ಮುಂಚೆ ಕನ್ನಡಿಯ ಎದುರು ಸೊಂಟಕ್ಕೆ ಕೈಯಿಟ್ಟು ಎರಡು ನಿಮಿಷ ನಿಂತರೆ ದೇಹದ ಹಾರ್ಮೋನುಗಳೇ ಬದಲಾಗುತ್ತವೆ ಎಂಬ ಮಾತಿನ ಕಥೆಯೂ ಹೀಗೆಯೇ. ಆ ಮಾತಿಗೆ ಮೂಲವಾದ 2010ರ ಅಧ್ಯಯನವನ್ನು ಹೆಚ್ಚು ಜನರ ಮೇಲೆ ಮತ್ತೆ ನಡೆಸಿದಾಗ ಹಾರ್ಮೋನಿನ ಬದಲಾವಣೆ ಕಾಣಲಿಲ್ಲ. ಅದರ ಲೇಖಕರಲ್ಲಿ ಮೊದಲಿಗರಾದ ಡಾನಾ ಕಾರ್ನಿ ಅವರೇ 2016ರಲ್ಲಿ, ಈ ಪರಿಣಾಮ ನಿಜವೆಂದು ತಾನು ಇನ್ನು ನಂಬುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು.

ಎದುರಿನವರ ಮುಖ ನೋಡಿ ಮಾತನಾಡಿ, ನೆಟ್ಟಗೆ ಕುಳಿತುಕೊಳ್ಳಿ, ಅಲ್ಲಿಗೆ ಹಾವಭಾವದ ಪಾಠ ಮುಗಿಯಿತು. ಉಳಿದ ಸಮಯವೆಲ್ಲ ಮಾತಿನೊಳಗಿನ ತಿರುಳಿಗೆ ಸಲ್ಲಲಿ.

ತಪ್ಪು ಕಲ್ಪನೆ 4: ಹೆಸರಾಂತ ಐವತ್ತು ಪ್ರಶ್ನೆಗಳ ಉತ್ತರ ಬಾಯಿಪಾಠ ಮಾಡಿದರೆ ಗೆದ್ದಂತೆ

ಸತ್ಯ: "ನಾನು ಪರಿಶ್ರಮಿ, ಪ್ರಾಮಾಣಿಕ, ತಂಡದಲ್ಲಿ ಹೊಂದಿಕೊಳ್ಳುವವನು" ಎಂಬ ಉತ್ತರವನ್ನು ಸಂದರ್ಶಕರು ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಲೇ ಇರುತ್ತಾರೆ. ದೌರ್ಬಲ್ಯವೇನು ಎಂದು ಕೇಳಿದರೆ "ಎಲ್ಲವೂ ಅಚ್ಚುಕಟ್ಟಾಗಿ ಇರಬೇಕೆಂಬ ಹಟವೇ ನನ್ನ ದೌರ್ಬಲ್ಯ" ಎನ್ನುವುದೂ ಅದೇ ಅಚ್ಚಿನದು. ಈ ಮಾತುಗಳಿಂದ ಅವರಿಗೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಒಂದು ಉಪಪ್ರಶ್ನೆ ಬಿದ್ದರೆ ಬಾಯಿಪಾಠ ಅಲ್ಲೇ ನಿಂತುಹೋಗುತ್ತದೆ.

ಕೆಲಸಕ್ಕೆ ಬರುವ ತಯಾರಿ ಬೇರೆ. ನಿಮ್ಮ ಅನುಭವದಿಂದ ಐದಾರು ಘಟನೆಗಳನ್ನು ಆರಿಸಿಕೊಳ್ಳಿ. ಪ್ರತಿಯೊಂದಕ್ಕೂ ನಾಲ್ಕು ಅಂಶ ಬರೆದಿಟ್ಟುಕೊಳ್ಳಿ: ಸಂದರ್ಭವೇನಿತ್ತು, ನನ್ನ ಪಾಲಿನ ಹೊಣೆ ಏನು, ನಾನು ಏನು ಮಾಡಿದೆ, ಕೊನೆಗೆ ಏನಾಯಿತು. ಮಾನವ ಸಂಪನ್ಮೂಲ ವಿಭಾಗದವರು 'ಸ್ಟಾರ್' ವಿಧಾನ ಎನ್ನುವುದು ಇದನ್ನೇ. ಉದಾಹರಣೆಗೆ, ಡಿಪ್ಲೊಮಾ ಮುಗಿಸಿದ ಒಬ್ಬ ವಿದ್ಯಾರ್ಥಿನಿ ಹೀಗೆ ಹೇಳುತ್ತಾಳೆಂದುಕೊಳ್ಳಿ: "ಕೊನೆಯ ವರ್ಷ ನಾವು ನಾಲ್ವರು ಸೇರಿ ಅಡಿಕೆ ಸುಲಿಯುವ ಚಿಕ್ಕ ಯಂತ್ರ ಮಾಡಿದೆವು. ಬ್ಲೇಡುಗಳ ಅಂತರ ಹೊಂದಿಸುವುದು ನನ್ನ ಕೆಲಸವಾಗಿತ್ತು. ಮೊದಲ ಮಾದರಿಯಲ್ಲಿ ಸಣ್ಣ ಕಾಯಿ ಸುಲಿಯದೆ ಹೊರಬರುತ್ತಿತ್ತು, ದಪ್ಪ ಕಾಯಿ ಒಡೆಯುತ್ತಿತ್ತು. ಕಾಯಿಗಳ ಗಾತ್ರ ಅಳೆದು ಮೂರು ಗುಂಪು ಮಾಡಿದೆ, ಅಂತರ ತಾನೇ ಹೊಂದಿಕೊಳ್ಳುವಂತೆ ಸ್ಪ್ರಿಂಗ್ ಸೇರಿಸಿದೆ. ಒಡೆಯುವುದು ಕಡಿಮೆಯಾಯಿತು, ಆದರೆ ವೇಗವೂ ತಗ್ಗಿತು. ಇನ್ನೊಮ್ಮೆ ಮಾಡುವುದಾದರೆ ಮೊದಲೇ ಕಾಯಿ ವಿಂಗಡಿಸುವ ಜರಡಿ ಇಡುತ್ತೇನೆ." ಪರಿಶ್ರಮ, ಪ್ರಾಮಾಣಿಕತೆ ಎಂಬ ಪದಗಳು ಈ ಉತ್ತರದಲ್ಲಿ ಎಲ್ಲೂ ಇಲ್ಲ, ಆದರೂ ಎರಡೂ ಗುಣಗಳು ಎದ್ದು ಕಾಣುತ್ತವೆ.

ನನಗೆ ಅನುಭವವೇ ಇಲ್ಲ ಎನ್ನುವವರು ಇನ್ನೊಮ್ಮೆ ಯೋಚಿಸಿ. ಅಪ್ಪನ ಕಿರಾಣಿ ಅಂಗಡಿಯ ಸಾಲದ ಪುಸ್ತಕ ನೋಡಿಕೊಂಡದ್ದು, ಹಾಲಿನ ಸೊಸೈಟಿಯಲ್ಲಿ ಲೆಕ್ಕ ಬರೆದದ್ದು, ಎನ್‌ಎಸ್‌ಎಸ್ ಶಿಬಿರದಲ್ಲಿ ನೂರು ಜನರ ಊಟದ ವ್ಯವಸ್ಥೆ ನಡೆಸಿದ್ದು, ಮನೆಪಾಠ ಹೇಳಿ ಶುಲ್ಕ ಕಟ್ಟಿಕೊಂಡದ್ದು, ಇವೆಲ್ಲ ಅನುಭವವೇ. ಹೊಣೆ ಹೊತ್ತ ಕೆಲಸ ಎಲ್ಲಿ ನಡೆದರೂ ಹೇಳಲು ಯೋಗ್ಯ. ದೌರ್ಬಲ್ಯದ ಪ್ರಶ್ನೆಗೂ ಇದೇ ದಾರಿ: ನಿಜವಾದ ಒಂದು ಕೊರತೆ ಹೇಳಿ, ಅದನ್ನು ಸರಿಪಡಿಸಲು ಈಗ ಏನು ಮಾಡುತ್ತಿದ್ದೀರಿ ಎಂಬುದನ್ನು ಜೊತೆಗೆ ಹೇಳಿ.

ತಪ್ಪು ಕಲ್ಪನೆ 5: 'ಗೊತ್ತಿಲ್ಲ' ಎಂದರೆ ಸೋತಂತೆ

ಸತ್ಯ: ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ನಟಿಸಿದರೆ ಸೋಲು ಹತ್ತಿರ. ಯುಪಿಎಸ್‌ಸಿ ತನ್ನ ಸಂದರ್ಶನದ ಉದ್ದೇಶವನ್ನು ಅಧಿಸೂಚನೆಯಲ್ಲೇ ವಿವರಿಸುತ್ತದೆ. ಇದು ಪಾಟೀಸವಾಲಲ್ಲ, ಉದ್ದೇಶವುಳ್ಳ ಸಹಜ ಮಾತುಕತೆ ಎಂಬುದು ಅದರ ಸಾರ. ಸ್ಪಷ್ಟ ಹಾಗೂ ತರ್ಕಬದ್ಧ ನಿರೂಪಣೆ, ವಿವೇಚನೆಯ ಸಮತೋಲ, ಬೌದ್ಧಿಕ ಮತ್ತು ನೈತಿಕ ಪ್ರಾಮಾಣಿಕತೆ ಅಲ್ಲಿ ಅಳೆಯುವ ಗುಣಗಳಲ್ಲಿ ಸೇರಿವೆ. ಉತ್ತರ ಗೊತ್ತಿಲ್ಲವೆಂದು ನೇರವಾಗಿ ಒಪ್ಪಿಕೊಳ್ಳುವುದು ಆ ಪ್ರಾಮಾಣಿಕತೆಯ ಭಾಗವೇ.

ಆದರೆ 'ಗೊತ್ತಿಲ್ಲ' ಎಂದು ಬಾಯಿ ಮುಚ್ಚಿ ಕುಳಿತರೂ ಪ್ರಯೋಜನವಿಲ್ಲ. "ಇದನ್ನು ನಾನು ಮಾಡಿಲ್ಲ. ಇದಕ್ಕೆ ಹತ್ತಿರದ ಇಂಥದ್ದನ್ನು ಮಾಡಿದ್ದೇನೆ. ಮಾಡಬೇಕಾಗಿ ಬಂದರೆ ಇಲ್ಲಿಂದ ಶುರು ಮಾಡುತ್ತೇನೆ" ಎಂದು ಮುಂದುವರಿಸಿದರೆ ಯೋಚನೆಯ ದಾರಿ ಕಾಣಿಸುತ್ತದೆ.

ಒಂದು ಬಸ್ಸಿನಲ್ಲಿ ಎಷ್ಟು ಚೆಂಡು ಹಿಡಿಸುತ್ತವೆ ಎಂಬಂಥ ಒಗಟುಗಳ ಭಯವೂ ಹಲವರಿಗಿದೆ. ಇಂಥ ಪ್ರಶ್ನೆಗಳಿಗೆ ಹೆಸರಾಗಿದ್ದ ಗೂಗಲ್‌ನ ಮಾನವ ಸಂಪನ್ಮೂಲ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್, ಅವುಗಳಿಂದ ಅಭ್ಯರ್ಥಿಯ ಮುಂದಿನ ಕೆಲಸದ ಬಗ್ಗೆ ಏನೂ ತಿಳಿಯದು, ಅವು ಶುದ್ಧ ಕಾಲಹರಣ ಎಂದು 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹೇಳಿದ್ದರು.

ತಪ್ಪು ಕಲ್ಪನೆ 6: ರೆಸ್ಯೂಮೆಯಲ್ಲಿ ಒಂದೆರಡು ವರ್ಷ ಅನುಭವ ಸೇರಿಸಿದರೆ ಯಾರಿಗೂ ಗೊತ್ತಾಗದು

ಸತ್ಯ: ಗೊತ್ತಾಗುತ್ತದೆ. ದುಡ್ಡು ಕೊಟ್ಟರೆ ನಕಲಿ ಅನುಭವ ಪತ್ರ, ಸಂಬಳದ ಚೀಟಿ ಎಲ್ಲ ಮಾಡಿಕೊಡುತ್ತೇವೆ ಎನ್ನುವ ದಲ್ಲಾಳಿಗಳು ಬೆಂಗಳೂರಿನಲ್ಲಿ ಇದ್ದಾರೆ. ಆದರೆ ದೊಡ್ಡ ಕಂಪನಿಗಳು ಹೊರಗಿನ ಸಂಸ್ಥೆಗಳಿಂದ ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ. ಭವಿಷ್ಯ ನಿಧಿಯ ಯುಎಎನ್ ಖಾತೆಯಲ್ಲಿ ನೀವು ಎಲ್ಲಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಕೆಲಸ ಮಾಡಿದ್ದೀರಿ ಎಂಬ ದಾಖಲೆ ಇರುತ್ತದೆ. ಅಂಕಪಟ್ಟಿಯನ್ನು ವಿಶ್ವವಿದ್ಯಾಲಯದಿಂದಲೇ ಖಚಿತಪಡಿಸಿಕೊಳ್ಳುತ್ತಾರೆ. ಕೆಲಸಕ್ಕೆ ಸೇರಿದ ತಿಂಗಳುಗಳ ನಂತರ ಸುಳ್ಳು ಹೊರಬಿದ್ದರೂ ಕೆಲಸ ಹೋಗುತ್ತದೆ, ನಕಲಿ ದಾಖಲೆ ಕೊಟ್ಟದ್ದಕ್ಕೆ ಪೊಲೀಸ್ ಪ್ರಕರಣವೂ ಆಗಬಹುದು.

ಓದಿನ ನಡುವೆ ಒಂದು ವರ್ಷ ಬಿಡುವಾಗಿದ್ದರೆ, ಎರಡು ವಿಷಯ ಉಳಿದು ಆಮೇಲೆ ಪಾಸಾಗಿದ್ದರೆ, ಇದ್ದದ್ದನ್ನು ಎರಡು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ತಾಯಿಯ ಕಾಯಿಲೆ, ಮನೆಯ ಕಷ್ಟ, ಸ್ಪರ್ಧಾತ್ಮಕ ಪರೀಕ್ಷೆಯ ಓದು, ಇವು ನಮ್ಮ ನಾಡಿನ ಸಾವಿರಾರು ಮನೆಗಳ ವಾಸ್ತವ. ಬಿಡುವಿನ ಕಾಲದಲ್ಲಿ ಏನು ಕಲಿತಿರಿ ಎಂಬುದಕ್ಕೆ ಒಂದು ಉತ್ತರ ಇದ್ದರೆ ಸಾಕು. ರೆಸ್ಯೂಮೆಯಲ್ಲಿ ಬರೆದ ಪ್ರತಿ ಸಾಲಿನ ಬಗ್ಗೆ ಐದು ನಿಮಿಷ ಮಾತನಾಡಬಲ್ಲಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆಗದ ಸಾಲನ್ನು ಅಳಿಸಿ.

ತಪ್ಪು ಕಲ್ಪನೆ 7: ಆನ್‌ಲೈನ್ ಸಂದರ್ಶನ ಸುಲಭ, ತಯಾರಿ ಬೇಕಿಲ್ಲ

ಸತ್ಯ: ಊರಿನಲ್ಲಿದ್ದುಕೊಂಡೇ ಮಾತನಾಡಬಹುದು, ಬಸ್ ಖರ್ಚು ಉಳಿಯುತ್ತದೆ ಎಂಬುದು ನಿಜ. ಆದರೆ ಕರೆಂಟು, ನೆಟ್‌ವರ್ಕು, ಹಿನ್ನೆಲೆಯ ಸದ್ದು ಎಲ್ಲದರ ಹೊಣೆ ನಿಮ್ಮದೇ ಆಗುತ್ತದೆ. ಹಿಂದಿನ ದಿನವೇ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಸ್ನೇಹಿತರಿಗೆ ವಿಡಿಯೊ ಕರೆ ಮಾಡಿ ನೋಡಿ. ಬೆಳಕು ಮುಖದ ಮೇಲೆ ಬೀಳುವಂತೆ ಕುಳಿತುಕೊಳ್ಳಿ. ಕರೆ ಕಡಿದುಹೋದರೆ ಸಂಪರ್ಕಿಸಲು ಒಂದು ಫೋನ್ ಸಂಖ್ಯೆಯನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ. ಪರದೆಯ ಬದಿಯಲ್ಲಿ ಉತ್ತರ ತೆರೆದಿಟ್ಟು ಓದುವುದು, ಪಕ್ಕದಲ್ಲಿ ಕುಳಿತವರು ಪಿಸುಗುಟ್ಟುವುದು ಕಣ್ಣಿನ ಚಲನೆಯಿಂದಲೇ ಎದುರಿನವರಿಗೆ ತಿಳಿದುಬಿಡುತ್ತದೆ.

ತಪ್ಪು ಕಲ್ಪನೆ 8: ಸರ್ಕಾರಿ ಕೆಲಸದಲ್ಲಿ ಸಂದರ್ಶನವೇ ಎಲ್ಲ, ಅಲ್ಲಿ ದುಡ್ಡು ಅಥವಾ ಶಿಫಾರಸು ಬೇಕು

ಸತ್ಯ: ಈ ಒಂದು ನಂಬಿಕೆಯಿಂದ ಎಷ್ಟೋ ಕುಟುಂಬಗಳು ಹೊಲ ಮಾರಿ, ಒಡವೆ ಅಡವಿಟ್ಟು ಮೋಸ ಹೋಗಿವೆ. ಆದ್ದರಿಂದ ನಿಯಮಗಳನ್ನು ಸರಿಯಾಗಿ ತಿಳಿದುಕೊಳ್ಳುವುದು ಅಗತ್ಯ.

ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೂ ಪತ್ರಾಂಕಿತವಲ್ಲದ ಗ್ರೂಪ್ ಬಿ ಹುದ್ದೆಗಳಿಗೂ 2016ರ ಜನವರಿ 1ರಿಂದ ಸಂದರ್ಶನವನ್ನೇ ರದ್ದು ಮಾಡಲಾಗಿದೆ. ಕರ್ನಾಟಕದಲ್ಲಿ ಎಫ್‌ಡಿಎ, ಎಸ್‌ಡಿಎ ಹುದ್ದೆಗಳಿಗೆ ಆಯ್ಕೆ ನಡೆಯುವುದು ಲಿಖಿತ ಪರೀಕ್ಷೆಯ ಅಂಕಗಳ ಮೇಲೆ. ಇಲ್ಲದ ಸಂದರ್ಶನದಲ್ಲಿ 'ಅಂಕ ಹಾಕಿಸುತ್ತೇನೆ' ಎಂದು ಯಾರಾದರೂ ಹೇಳಿದರೆ ಅದು ವಂಚನೆ ಎಂಬುದು ಅಲ್ಲಿಗೇ ಸಾಬೀತಾಯಿತು.

ಸಂದರ್ಶನ ಇರುವ ಕಡೆಯೂ ಅದರ ತೂಕಕ್ಕೆ ಮಿತಿ ಇದೆ. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶದಲ್ಲಿ ಲಿಖಿತ ಪರೀಕ್ಷೆಗೆ 100, ಮೌಖಿಕಕ್ಕೆ 50 ಅಂಕ ಇಟ್ಟಿದ್ದರು. ಒಬ್ಬೊಬ್ಬರನ್ನು ಎರಡು ಮೂರು ನಿಮಿಷ ಮಾತನಾಡಿಸಿ ಕಳುಹಿಸಲಾಗಿತ್ತು ಎಂಬ ದೂರು ಸುಪ್ರೀಂ ಕೋರ್ಟ್ ಮುಟ್ಟಿತು. ಅಜಯ್ ಹಸಿಯಾ ಪ್ರಕರಣವೆಂದು ಹೆಸರಾದ ಆ ತೀರ್ಪಿನಲ್ಲಿ, ಅಂಥ ಪ್ರವೇಶಗಳಲ್ಲಿ ಸಂದರ್ಶನಕ್ಕೆ ಒಟ್ಟು ಅಂಕಗಳ ಶೇ. 15ಕ್ಕಿಂತ ಹೆಚ್ಚು ಇಡುವುದು ಮನಸೋ ಇಚ್ಛೆಯ ಕ್ರಮವಾಗುತ್ತದೆ ಎಂದು ನ್ಯಾಯಾಲಯ ಹೇಳಿತು. 1985ರಲ್ಲಿ ಹರಿಯಾಣ ಲೋಕಸೇವಾ ಆಯೋಗದ ನೇಮಕಾತಿ ಕುರಿತ ತೀರ್ಪಿನಲ್ಲಿ ಸಾಮಾನ್ಯ ಅಭ್ಯರ್ಥಿಗಳ ಮಟ್ಟಿಗೆ ಈ ಪ್ರಮಾಣ ಶೇ. 12.2ರ ಒಳಗಿರಬೇಕು ಎಂದಿತು. ಇಂದಿನ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಖಿತಕ್ಕೆ 1750, ಸಂದರ್ಶನಕ್ಕೆ 275, ಒಟ್ಟು 2025 ಅಂಕ. ರ‍್ಯಾಂಕಿನ ಬುನಾದಿ ಲಿಖಿತ ಪರೀಕ್ಷೆಯೇ.

ಖಾಸಗಿ ವಲಯದಲ್ಲೂ ಎಚ್ಚರ ಬೇಕು. ನೋಂದಣಿ ಶುಲ್ಕ, ತರಬೇತಿ ಠೇವಣಿ, ಲ್ಯಾಪ್‌ಟಾಪ್ ಠೇವಣಿ ಎಂದು ಕೆಲಸ ಕೊಡುವ ಮೊದಲೇ ದುಡ್ಡು ಕೇಳುವುದು ಮೋಸದ ಗುರುತು. ಹೆಸರಾಂತ ಕಂಪನಿಗಳು ನೇಮಕಾತಿಗೆ ಅಭ್ಯರ್ಥಿಯಿಂದ ಹಣ ಪಡೆಯುವುದಿಲ್ಲ. ಆನ್‌ಲೈನಿನಲ್ಲಿ ಹಣ ಕಳುಹಿಸಿ ಮೋಸ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ತಪ್ಪು ಕಲ್ಪನೆ 9: ಸಂಬಳದ ಬಗ್ಗೆ ಕೇಳಿದರೆ, ಪ್ರಶ್ನೆ ಹಾಕಿದರೆ ಅಹಂಕಾರ ಎನಿಸುತ್ತದೆ

ಸತ್ಯ: ಹಿರಿಯರ ಎದುರು ಪ್ರಶ್ನೆ ಕೇಳಬಾರದು ಎಂದು ಬೆಳೆದವರಿಗೆ ಇದು ಕಷ್ಟವೆನಿಸುತ್ತದೆ. ಆದರೆ "ನೀವೇನಾದರೂ ಕೇಳುವುದಿದೆಯೇ?" ಎಂದು ಕೊನೆಯಲ್ಲಿ ಅವರೇ ಅವಕಾಶ ಕೊಡುತ್ತಾರೆ. ಅಲ್ಲಿ ಮೌನವಾಗಿದ್ದರೆ ಕೆಲಸದ ಮೇಲೆ ಆಸಕ್ತಿ ಇಲ್ಲವೆಂಬ ಅರ್ಥ ಬರಬಹುದು. ಮೊದಲ ಆರು ತಿಂಗಳಲ್ಲಿ ನನ್ನಿಂದ ಏನು ನಿರೀಕ್ಷೆ ಇದೆ, ಯಾರ ಕೈಕೆಳಗೆ ಕೆಲಸ, ತರಬೇತಿ ಹೇಗೆ ಎಂದು ಕೇಳಿ.

ಸಂಬಳದ ವಿಷಯ ಆಯ್ಕೆ ಖಚಿತವಾಗುವ ಹಂತದಲ್ಲಿ ಬಂದಾಗ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಎಂಬ ಒಂದೇ ಅಂಕಿಗೆ ತಲೆದೂಗಬೇಡಿ. ವರ್ಷಕ್ಕೆ 4,20,000 ರೂಪಾಯಿ ಎಂದರೆ ತಿಂಗಳಿಗೆ 35,000 ಕೈಗೆ ಬರುತ್ತದೆ ಎಂದು ಮನೆಯಲ್ಲಿ ಲೆಕ್ಕ ಹಾಕುತ್ತಾರೆ. ಆದರೆ ಅದರೊಳಗೆ ಕಂಪನಿ ಕಟ್ಟುವ ಭವಿಷ್ಯ ನಿಧಿ, ಗ್ರಾಚ್ಯುಟಿ, ವಿಮೆ, ಗುರಿ ಮುಟ್ಟಿದರಷ್ಟೇ ಸಿಗುವ ಮೊತ್ತ ಎಲ್ಲ ಸೇರಿರಬಹುದು. ಮೂಲ ವೇತನ 15,000 ಆಗಿದ್ದರೆ ಅದರ ಶೇ. 12, ಅಂದರೆ 1,800 ರೂಪಾಯಿ, ನಿಮ್ಮ ಪಾಲಿನ ಭವಿಷ್ಯ ನಿಧಿಗೆ ಹೋಗುತ್ತದೆ. ಕಂಪನಿಯ ಪಾಲಿನ 1,800 ಕೂಡ ಸಾಮಾನ್ಯವಾಗಿ ಸಿಟಿಸಿಯ ಒಳಗೇ ಇರುತ್ತದೆ. ಕೈಗೆ ಬರುವುದೆಷ್ಟು ಎಂದು ಕೇಳಿ, ವಿಭಜನೆಯನ್ನು ಬರಹದಲ್ಲಿ ಪಡೆಯಿರಿ.

ಇಷ್ಟು ವರ್ಷ ಕೆಲಸ ಬಿಡುವಂತಿಲ್ಲ ಎಂಬ ಬಾಂಡ್ ಇದೆಯೇ ಎಂಬುದನ್ನು ಸಹಿ ಹಾಕುವ ಮುನ್ನವೇ ಕೇಳಿ. ಬಾಂಡ್‌ಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ಹಲವರು ಧೈರ್ಯ ಹೇಳುತ್ತಾರೆ. ಆದರೆ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ಪೂರೈಸುವ ಮೊದಲೇ ಬಿಟ್ಟದ್ದಕ್ಕೆ 2 ಲಕ್ಷ ರೂಪಾಯಿ ಕಟ್ಟಬೇಕಾಗಿ ಬಂದ ಪ್ರಕರಣದಲ್ಲಿ, ಆ ಷರತ್ತು ಊರ್ಜಿತ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಎಲ್ಲ ಬಾಂಡ್‌ಗಳೂ ಹಾಗೆ ನಿಲ್ಲುತ್ತವೆ ಎಂದಲ್ಲ, ಆದರೆ ಓದದೆ ಸಹಿ ಹಾಕುವುದು ಅಪಾಯ.

ತಪ್ಪು ಕಲ್ಪನೆ 10: ಮದುವೆ, ಮಕ್ಕಳ ಬಗ್ಗೆ ಕೇಳಿದರೆ ಹೆಣ್ಣುಮಕ್ಕಳು ಉತ್ತರಿಸಲೇಬೇಕು

ಸತ್ಯ: ಕೇಳುವುದು ರೂಢಿಯಾಗಿದೆ ಎಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಒಂದೇ ಬಗೆಯ ಕೆಲಸದ ನೇಮಕಾತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ತಾರತಮ್ಯ ಮಾಡಬಾರದು ಎಂದು 1976ರ ಸಮಾನ ವೇತನ ಕಾಯ್ದೆ ಹೇಳಿತು. 2019ರ ವೇತನ ಸಂಹಿತೆಯಲ್ಲೂ ಅದೇ ತತ್ವ ಇದೆ.

ಇಂಥ ತಾರತಮ್ಯದ ವಿರುದ್ಧದ ಹೋರಾಟದಲ್ಲಿ ನಮ್ಮ ಕೊಡಗಿನ ಹೆಸರೊಂದು ಎದ್ದು ನಿಲ್ಲುತ್ತದೆ. ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ವಿದೇಶಾಂಗ ಸೇವೆ ಹೆಣ್ಣಿಗೆ ತಕ್ಕುದಲ್ಲ ಎಂದು ಸಂದರ್ಶನ ಮಂಡಳಿಯೇ ಅವರನ್ನು ಹಿಂಜರಿಸಲು ನೋಡಿತ್ತು. ಮದುವೆಯಾಗಲು ಮಹಿಳಾ ಅಧಿಕಾರಿ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮವೂ ಆಗ ಇತ್ತು. ಬಡ್ತಿ ನಿರಾಕರಣೆಯ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಇಂಥ ನಿಯಮಗಳಲ್ಲಿನ ತಾರತಮ್ಯವನ್ನು ಕಟುವಾಗಿ ಟೀಕಿಸಿತು.

ಇಂದು ಇಂಥ ಪ್ರಶ್ನೆ ಎದುರಾದರೆ ಸೌಜನ್ಯದಿಂದಲೇ ಮಾತನ್ನು ಕೆಲಸದ ಕಡೆ ತಿರುಗಿಸಿ: "ಈ ಹುದ್ದೆಗೆ ಬೇಕಾದ ಸಮಯ, ಪ್ರಯಾಣ ಎರಡಕ್ಕೂ ನಾನು ಸಿದ್ಧ." ಅಲ್ಲಿಗೂ ಬಿಡದೆ ಕೆದಕುವ ಸಂಸ್ಥೆ ಮುಂದೆ ನಿಮ್ಮನ್ನು ಹೇಗೆ ನಡೆಸಿಕೊಳ್ಳಬಹುದು ಎಂಬ ಅಂದಾಜು ಆಗಲೇ ಸಿಗುತ್ತದೆ.

ತಪ್ಪು ಕಲ್ಪನೆ 11: ಆಯ್ಕೆಯಾಗಲಿಲ್ಲ ಎಂದರೆ ಯೋಗ್ಯತೆ ಇಲ್ಲವೆಂದೇ ಅರ್ಥ

ಸತ್ಯ: ಸಂದರ್ಶನ ಎಂಬ ಅಳತೆಗೋಲೇ ಅಷ್ಟು ಕರಾರುವಾಕ್ಕಾದುದಲ್ಲ. ಸಂದರ್ಶನದ ಅಂಕಕ್ಕೂ ಆಮೇಲಿನ ಕೆಲಸದ ಗುಣಮಟ್ಟಕ್ಕೂ ಎಷ್ಟು ಸಂಬಂಧವಿದೆ ಎಂದು ಮನಶ್ಶಾಸ್ತ್ರಜ್ಞರು ದಶಕಗಳಿಂದ ಅಳೆಯುತ್ತ ಬಂದಿದ್ದಾರೆ. ಪೂರ್ತಿ ಹೊಂದಾಣಿಕೆಗೆ 1, ಸಂಬಂಧವೇ ಇಲ್ಲದಿದ್ದರೆ 0 ಎಂದಿಟ್ಟುಕೊಂಡರೆ, ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ ಮೊದಲೇ ನಿಗದಿಯಾದ ಮಾನದಂಡದಿಂದ ಅಂಕ ಕೊಡುವ ಸಂದರ್ಶನಕ್ಕೆ ಸಿಕ್ಕಿದ್ದು 0.42. ಬಾಯಿಗೆ ಬಂದ ಪ್ರಶ್ನೆ ಕೇಳುವ ಸಡಿಲ ಮಾತುಕತೆಗೆ 0.19 ಮಾತ್ರ. ಅತ್ಯುತ್ತಮ ಸಂದರ್ಶನವೂ ಒಳ್ಳೆಯವರನ್ನು ಕೈಬಿಡಬಹುದು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಇದರ ಮೇಲೆ ಹುದ್ದೆ ಒಂದು, ಅರ್ಜಿ ನೂರಾರು. ಒಳಗಿನವರಿಗೇ ಹುದ್ದೆ ಹೋಗಿರಬಹುದು, ನೇಮಕಾತಿಯೇ ನಿಂತಿರಬಹುದು.

ಹಾಗೆಂದು ಸೋಲನ್ನು ಪೂರ್ತಿ ಅದೃಷ್ಟದ ತಲೆಗೆ ಕಟ್ಟುವುದೂ ಬೇಡ. ಹೊರಗೆ ಬಂದ ಕೂಡಲೇ ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ತಡವರಿಸಿದ ಎರಡು ಪ್ರಶ್ನೆಗೆ ಉತ್ತರ ಹುಡುಕಿ. ಮುಂದಿನ ಸಂದರ್ಶನಕ್ಕೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಸಿಗದು. ಒಮ್ಮೆ ಬೇಡವೆಂದ ಕಂಪನಿಗಳೂ ಕೆಲವು ತಿಂಗಳ ನಂತರ ಮತ್ತೆ ಅರ್ಜಿ ಹಾಕಲು ಅವಕಾಶ ಕೊಡುತ್ತವೆ.

ಹಾಗಾದರೆ ಏನು ಮಾಡಬೇಕು?

ಒಂದು ವಾರ ಸಿಕ್ಕಿದರೆ ಅದನ್ನು ಹೀಗೆ ಬಳಸಿ. ಮೊದಲ ದಿನ ಉದ್ಯೋಗ ಪ್ರಕಟಣೆಯನ್ನು ಸಾಲು ಸಾಲಾಗಿ ಓದಿ, ಅಲ್ಲಿ ಕೇಳಿರುವ ಪ್ರತಿ ಕೌಶಲದ ಎದುರು ನಿಮ್ಮ ಬದುಕಿನ ಒಂದು ಘಟನೆ ಬರೆಯಿರಿ. ಎರಡನೆಯ ದಿನ ಆ ಸಂಸ್ಥೆ ಏನು ಮಾಡುತ್ತದೆ, ಯಾರಿಗೆ ಮಾರುತ್ತದೆ ಎಂದು ತಿಳಿಯಿರಿ. ಮುಂದಿನ ಎರಡು ದಿನ ವಿಷಯದ ಮೂಲಪಾಠ ತಿರುವಿಹಾಕಿ. ಹೊಸಬರಿಗೆ ಬೀಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಬುನಾದಿಯ ಮೇಲೆಯೇ ಇರುತ್ತವೆ. ಆಮೇಲಿನ ಎರಡು ದಿನ ಯಾರನ್ನಾದರೂ ಎದುರು ಕೂರಿಸಿಕೊಂಡು ಗಟ್ಟಿಯಾಗಿ ಉತ್ತರಿಸಿ, ಫೋನಿನಲ್ಲಿ ದಾಖಲಿಸಿ ಕೇಳಿ. ಕೊನೆಯ ದಿನ ಅಂಕಪಟ್ಟಿ, ಗುರುತಿನ ಚೀಟಿ ಜೋಡಿಸಿ, ದಾರಿ ನೋಡಿಕೊಂಡು ಬೇಗ ಮಲಗಿ.

ಇದಕ್ಕೆ ದುಬಾರಿ ತರಬೇತಿ ಬೇಡ. ಕಾಲೇಜಿನ ಒಬ್ಬ ಮೇಷ್ಟ್ರು, ಒಬ್ಬ ಸ್ನೇಹಿತ, ಒಂದು ನೋಟ್‌ಬುಕ್ ಇದ್ದರೆ ಸಾಕು. ಮನೆಯವರಲ್ಲೂ ಒಂದು ವಿನಂತಿ: ಸಂದರ್ಶನ ಮುಗಿಸಿ ಬಂದ ಮಕ್ಕಳಿಗೆ "ಏನಾಯಿತು?" ಎಂಬ ಪ್ರಶ್ನೆಯನ್ನು ಬಾಗಿಲಲ್ಲೇ ಎಸೆಯಬೇಡಿ, ಊಟ ಬಡಿಸಿ. ಅಭ್ಯರ್ಥಿಗಳಿಗೆ ಹೇಳಬೇಕಾದದ್ದು ಇಷ್ಟು: ಇನ್ನೊಬ್ಬರಂತೆ ಕಾಣಲು ಪಡುವ ಶ್ರಮವನ್ನು ನಿಲ್ಲಿಸಿ, ನೀವು ಈಗಾಗಲೇ ಮಾಡಿರುವ ಕೆಲಸವನ್ನು ಚೆನ್ನಾಗಿ ಹೇಳಲು ಕಲಿಯಿರಿ. ನಿಮ್ಮನ್ನು ಆರಿಸಲು ಅವರಿಗೆ ಬೇಕಾದ ಕಾರಣ ಅದರಲ್ಲಿದೆ.